ಗೋಕಾಕ್ ಅಂದ್ರೆ ಬರೀ ಚಳವಳಿ ಅಲ್ಲ: ವಿ.ಕೃ. ಗೋಕಾಕರ ಬದುಕು, ಬರಹ ಮತ್ತು ಆ ವರದಿ

ಉಣಕಲ್ ಕ್ರಾಸ್‌ನಲ್ಲಿ ಚಿಗರಿ ಬಸ್ಸಿಗೆ ಕಾಯುತ್ತ ನಿಂತವರನ್ನ ‘ಗೋಕಾಕ್ ಅಂದ್ರ ಏನ್ ನೆನಪಾಗ್ತದ?’ ಅಂತ ಕೇಳಿ ನೋಡಿ. ಒಬ್ಬರು ಫಾಲ್ಸ್ ಅಂತಾರೆ, ಇನ್ನೊಬ್ಬರು ಕರದಂಟು ಅಂತಾರೆ, ರಾಜಕೀಯ ಓದಿಕೊಂಡವರು ಚಳವಳಿ ಅಂತಾರೆ. ಅದೇ ಬಸ್ಸು ಹೋಗಿ ಮುಟ್ಟುವ ಧಾರವಾಡದಲ್ಲಿ ಕಾಲೇಜು ನಡೆಸಿದ, ಸಾವಿರ ಪುಟ ಮೀರಿದ ಕಾದಂಬರಿ ಬರೆದ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಕೂಡ ಗೋಕಾಕರೇ ಅನ್ನೋದು ನೆನಪಾಗೋದು ಕಡೆಗೆ.

ಇದು ಬರೀ ಸಾಮಾನ್ಯ ಜ್ಞಾನದ ಪ್ರಶ್ನೆಯಲ್ಲ. ಶಾಲೆಯಲ್ಲಿ ಯಾವ ಭಾಷೆ ಅನ್ನೋ ಜಗಳ ಎದ್ದಾಗಲೆಲ್ಲ ಎರಡೂ ಕಡೆಯವರು ‘ಗೋಕಾಕ್ ವರದಿ’ಯ ಹೆಸರು ಹೇಳುತ್ತಾರೆ. ಆ ವರದಿ ಏನು ಹೇಳಿತ್ತು ಅನ್ನೋದನ್ನ ಸರಿಯಾಗಿ ತಿಳಿಯಬೇಕಾದರೆ, ಬರೆದವರು ಯಾರು ಅಂತಲೂ ತಿಳಿಯಬೇಕು.

ಸವಣೂರು, ಧಾರವಾಡ, ಆಕ್ಸ್‌ಫರ್ಡ್

ವಿನಾಯಕ ಕೃಷ್ಣ ಗೋಕಾಕ್ ಹುಟ್ಟಿದ್ದು 1909ರ ಆಗಸ್ಟ್ 9ರಂದು, ಈಗಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ. ಆಗ ಅದು ನವಾಬರ ಪುಟ್ಟ ಸಂಸ್ಥಾನ. ಕಾಲೇಜು ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಅಲ್ಲೇ ದ.ರಾ. ಬೇಂದ್ರೆಯವರ ಗೆಳೆಯರ ಗುಂಪು ಸಿಕ್ಕಿತು. ತರಗತಿಯಲ್ಲಿ ಓದುತ್ತಿದ್ದದ್ದು ಇಂಗ್ಲಿಷ್ ಸಾಹಿತ್ಯ, ಬರೆಯಲು ಕೂತಾಗ ಕನ್ನಡ. ಕಾವ್ಯನಾಮ ‘ವಿನಾಯಕ’.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು ಆಕ್ಸ್‌ಫರ್ಡ್‌ಗೆ ಹೋಗಿ, 1938ರಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾಗಿ ಬಂದರು. ಕಡಲ ಅನುಭವದಿಂದ ಹುಟ್ಟಿದ್ದು ‘ಸಮುದ್ರ ಗೀತೆಗಳು’. ಆಮೇಲೆ ಸಾಂಗ್ಲಿ, ಗುಜರಾತಿನ ವಿಸನಗರ, ಕೊಲ್ಹಾಪುರ ಹೀಗೆ ಊರೂರು ನೌಕರಿ. 1950ರ ದಶಕದಲ್ಲಿ ತಾವು ಓದಿದ ಕರ್ನಾಟಕ ಕಾಲೇಜಿಗೇ ಪ್ರಾಚಾರ್ಯರಾಗಿ ಬಂದರು. ಧಾರವಾಡ ಮುಂಬೈ ರಾಜ್ಯದಿಂದ ಬಿಡಿಸಿಕೊಂಡು ಕನ್ನಡ ನಾಡಿಗೆ ಸೇರಿದ್ದೂ ಅದೇ ದಶಕದಲ್ಲಿ.

ಮುಂದಿನ ಹುದ್ದೆಯನ್ನ ಗಮನಿಸಿ: ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನ ನಿರ್ದೇಶಕ. ದೇಶದ ಇಂಗ್ಲಿಷ್ ಮೇಷ್ಟ್ರುಗಳಿಗೆ ತರಬೇತಿ ಕೊಡಲು ಕಟ್ಟಿದ ಸಂಸ್ಥೆ ಅದು, ಈಗಿನ ಇಫ್ಲು. ಕನ್ನಡ ಚಳವಳಿಗೆ ಹೆಸರು ಕೊಟ್ಟ ಮನುಷ್ಯ ಇಂಗ್ಲಿಷ್ ಕಲಿಸುವುದನ್ನೇ ಕಸುಬು ಮಾಡಿಕೊಂಡಿದ್ದರು. 1966ರಿಂದ 69ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ, ನಂತರ ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕ, 1983ರಿಂದ 88ರವರೆಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷ.

ಕಾದಂಬರಿ ಮತ್ತು ಕಾವ್ಯ

1930ರ ದಶಕದಲ್ಲಿ ‘ಇಜ್ಜೋಡು’ ಹೆಸರಲ್ಲಿ ಶುರುವಾದ ಕಾದಂಬರಿ ಎರಡು ದಶಕ ಬೆಳೆದು ‘ಸಮರಸವೇ ಜೀವನ’ ಆಯಿತು. ಇಜ್ಜೋಡು ಅಂದರೆ ಹೊಂದಿಕೆಯಾಗದ ಜೋಡಿ. ಅಲ್ಲಿಂದ ಹೊರಟು ಸಮರಸಕ್ಕೆ ಮುಟ್ಟುವ ದಾರಿ ಆ ಎರಡು ಹೆಸರುಗಳಲ್ಲೇ ಇದೆ. ಪೂರ್ವ-ಪಶ್ಚಿಮ, ಹಳತು-ಹೊಸತು, ಕನ್ನಡ-ಇಂಗ್ಲಿಷ್: ಜಗಳವಾಡುವ ಜೋಡಿಗಳನ್ನ ಒಂದೇ ಮನೆಯಲ್ಲಿ ಇರಿಸಬೇಕು ಅನ್ನೋದು ಗೋಕಾಕರ ಜೀವನದುದ್ದದ ಹಟ.

1950ರ ಹೊತ್ತಿಗೆ ‘ನವ್ಯ’ ಅನ್ನೋ ಹೆಸರನ್ನ ಕನ್ನಡದಲ್ಲಿ ಚಾಲ್ತಿಗೆ ತಂದವರೂ ಅವರೇ. ಆದರೆ ನವ್ಯ ಬೆಳೆದದ್ದು ಗೋಪಾಲಕೃಷ್ಣ ಅಡಿಗರ ದಾರಿಯಲ್ಲಿ. ಸಿಟ್ಟು, ವ್ಯಂಗ್ಯ, ಒಡಕಿನ ಆ ಕಾವ್ಯಕ್ಕೆ ಸಮರಸದ ಮಾತು ಸಪ್ಪೆ ಅನ್ನಿಸಿತು. ‘ದ್ಯಾವಾ ಪೃಥಿವೀ’ಗೆ 1960ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 1990ರ ಜ್ಞಾನಪೀಠವೂ ಬಂತು. ವಿಶ್ವಾಮಿತ್ರನ ಕಥೆಯ ಮಹಾಕಾವ್ಯ ‘ಭಾರತ ಸಿಂಧು ರಶ್ಮಿ’ಯ ಹೆಸರು ಎಲ್ಲರಿಗೂ ಗೊತ್ತು, ಪೂರ್ತಿ ಓದಿದವರು ಸಿಗೋದು ಕಷ್ಟ.

‘ಗೋ ಬ್ಯಾಕ್’ನಿಂದ ‘ಜಾರಿಯಾಗಲಿ’ವರೆಗೆ

ಆಗ ಹೈಸ್ಕೂಲಿನಲ್ಲಿ ಸಂಸ್ಕೃತವನ್ನ ಪ್ರಥಮ ಭಾಷೆಯಾಗಿ ತೆಗೆದುಕೊಳ್ಳಬಹುದಿತ್ತು. ಅಂಕ ಸುಲಭ, ಕನ್ನಡದ ಗೋಜಿಗೇ ಹೋಗದೆ ಎಸ್ಸೆಸ್ಸೆಲ್ಸಿ ದಾಟಬಹುದಿತ್ತು. 1979ರಲ್ಲಿ ಸರ್ಕಾರ ಸಂಸ್ಕೃತವನ್ನ ಆ ಪಟ್ಟಿಯಿಂದ ತೆಗೆದಾಗ ಗದ್ದಲವಾಯಿತು. 1980ರಲ್ಲಿ ಗುಂಡೂರಾವ್ ಸರ್ಕಾರ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು.

ಕನ್ನಡದ ಬರಹಗಾರರಿಗೆ ಅನುಮಾನ ಬಂತು. ಸಂಸ್ಕೃತದ ಒಲವಿನ, ಸಾಯಿಬಾಬಾ ಭಕ್ತರಾದ ಗೋಕಾಕರು ಕನ್ನಡಕ್ಕೆ ಏನು ಮಾಡಿಯಾರು? ಅವರದೇ ಧಾರವಾಡದಲ್ಲಿ ಚಂಪಾ ಮುಂತಾದವರು ‘ಗೋಕಾಕ್ ಗೋ ಬ್ಯಾಕ್’ ಅಂದರು. 1981ರ ಜನವರಿಯಲ್ಲಿ ವರದಿ ಬಂದಾಗ ಎಲ್ಲರ ಲೆಕ್ಕ ತಲೆಕೆಳಗಾಯಿತು. ಅದನ್ನ ಜಾರಿ ಮಾಡಿ ಅಂತ ಸಾಹಿತಿಗಳು, ವಿದ್ಯಾರ್ಥಿಗಳು ಬೀದಿಗಿಳಿದರು. 1982ರಲ್ಲಿ ಡಾ. ರಾಜ್‌ಕುಮಾರ್ ಬಂದ ಮೇಲೆ ಅದು ಇಡೀ ನಾಡಿನ ಚಳವಳಿಯಾಯಿತು. ವರ್ಷ ಎರಡರೊಳಗೆ ಒಂದೇ ಹೆಸರು ಧಿಕ್ಕಾರದ ಘೋಷಣೆಯಿಂದ ಜಯಕಾರಕ್ಕೆ ಬದಲಾಗಿತ್ತು.

ವರದಿಯಲ್ಲಿ ಇದ್ದದ್ದು, ಇಲ್ಲದ್ದು

ಮುಖ್ಯ ಶಿಫಾರಸು ಇಷ್ಟು: ಹೈಸ್ಕೂಲಿನಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆ, 150 ಅಂಕ. ಉಳಿದ ಭಾಷೆಗಳು ಅದರ ನಂತರ. ಇಂಗ್ಲಿಷ್ ಬೇಡ ಅಂತ ಅದು ಹೇಳಲಿಲ್ಲ. ಗಣಿತ, ವಿಜ್ಞಾನವನ್ನೂ ಕನ್ನಡದಲ್ಲೇ ಕಲಿಸಬೇಕು ಅನ್ನೋದೂ ಆ ಶಿಫಾರಸಿನ ಅರ್ಥವಲ್ಲ. ‘ಪ್ರಥಮ ಭಾಷೆ’ ಅಂದರೆ ಕಲಿಯುವ ವಿಷಯ. ‘ಮಾಧ್ಯಮ’ ಅಂದರೆ ಎಲ್ಲ ವಿಷಯ ಕಲಿಸುವ ಭಾಷೆ. ಇವತ್ತಿನ ಅರ್ಧ ಜಗಳ ಈ ಎರಡನ್ನ ಕಲಸಿದ್ದರಿಂದ ಆಗಿದೆ.

ಕೋರ್ಟಿನ ಕಥೆಯೂ ಹಾಗೇ ಕಲಸಿದೆ. 1982ರ ಜುಲೈನಲ್ಲಿ ಸರ್ಕಾರ ಆದೇಶ ಹೊರಡಿಸಿತು. ಭಾಷಾ ಅಲ್ಪಸಂಖ್ಯಾತರ ಅರ್ಜಿಯ ಮೇಲೆ 1989ರಲ್ಲಿ ಹೈಕೋರ್ಟಿನ ಪೂರ್ಣಪೀಠ ‘ಏಕೈಕ ಪ್ರಥಮ ಭಾಷೆ’ಯ ಕಡ್ಡಾಯವನ್ನ ಒಪ್ಪಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಬಿದ್ದದ್ದು ಬೇರೆಯದು: 1ರಿಂದ 4ನೇ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡ ಮಾಧ್ಯಮ ಕಡ್ಡಾಯ ಮಾಡಿದ್ದ 1994ರ ಆದೇಶ. ಕನ್ನಡವನ್ನ ವಿಷಯವಾಗಿ ಎಲ್ಲ ಶಾಲೆಗಳಲ್ಲಿ ಕಲಿಸಬೇಕು ಅಂತ 2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂತು. ಗೋಕಾಕರ ಪ್ರಶ್ನೆಗೆ ಇದು ಹತ್ತಿರದ್ದು.

ತಕರಾರುಗಳೂ ಇವೆ

ಉರ್ದು, ತಮಿಳು, ಮರಾಠಿ ಮನೆಮಾತಿನ ಮಕ್ಕಳಿಗೆ ‘ಏಕೈಕ’ ಅನ್ನೋ ಪದ ಹೇಗೆ ಕೇಳಿಸಿತು? ಚಳವಳಿಯ ಉತ್ಸಾಹದಲ್ಲಿ ಈ ಪ್ರಶ್ನೆಗೆ ತಾಳ್ಮೆಯ ಉತ್ತರ ಸಿಗಲಿಲ್ಲ. ಸಮರಸದ ಲೇಖಕನ ವರದಿಯಲ್ಲಿ ಈ ಬಿರುಕು ಉಳಿದದ್ದು ನಿಜ.

ಎರಡನೆಯದು ಸಾಯಿಬಾಬಾ. ಗೋಕಾಕರು ನಡೆಸಿದ್ದ ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಮುಂದೆ ಕುಲಪತಿಯಾದ ಎಚ್. ನರಸಿಂಹಯ್ಯ 1976ರಲ್ಲಿ ಬಾಬಾ ಪವಾಡ ಪರೀಕ್ಷಿಸಲು ಸಮಿತಿ ಮಾಡಿದರು. ಗೋಕಾಕರು 1981ರಲ್ಲಿ ಬಾಬಾ ಸಂಸ್ಥೆಯ ಮೊದಲ ಕುಲಪತಿಯಾದರು. ಇದನ್ನ ಮುಚ್ಚಿಟ್ಟು ಅವರನ್ನ ಹೊಗಳೋದು ಬೇಡ. ಹಾಗೆಯೇ ಇದೊಂದನ್ನೇ ಹಿಡಿದು ವರದಿಯನ್ನ ಮೊದಲೇ ತೀರ್ಮಾನಿಸಿದವರು ಮೋಸಹೋದರು ಅನ್ನೋದನ್ನೂ ಮರೆಯೋದು ಬೇಡ.

ಗೋಕಾಕರು 1992ರ ಏಪ್ರಿಲ್ 28ರಂದು ಮುಂಬೈನಲ್ಲಿ ತೀರಿಕೊಂಡರು. ಮುಂದಿನ ಸಲ ಟಿವಿ ಚರ್ಚೆಯಲ್ಲಿ ಯಾರಾದರೂ ‘ಗೋಕಾಕ್ ವರದಿ ಪ್ರಕಾರ’ ಅಂತ ಶುರು ಮಾಡಿದರೆ ಒಂದು ಪ್ರಶ್ನೆ ಕೇಳಿ: ವಿಷಯದ ಬಗ್ಗೆ ಮಾತಾಡ್ತಿದ್ದೀರೋ, ಮಾಧ್ಯಮದ ಬಗ್ಗೆಯೋ? ಜೀವನಪೂರ್ತಿ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಕೇಳಿದ್ದು ಈ ನಾಡಿನ ಮಗು ಕನ್ನಡ ಕಲಿಯದೆ ಶಾಲೆ ದಾಟಬಾರದು ಅಂತ. ಇಂಗ್ಲಿಷ್ ಬಿಡಬೇಕು ಅಂತ ಅಲ್ಲ.