ಕಂಬಿಯ ಚರಿತ್ರೆ: ಎರಕದಿಂದ ಉಕ್ಕಿನವರೆಗೆ

'ಉಗಿಬಂಡಿ', 'ಹೊಗೆಬಂಡಿ' ಎಂಬ ಕನ್ನಡ ಪದಗಳು ಎಂಜಿನ್ನನ್ನು ಕಂಡು ಹುಟ್ಟಿದವು. ಜನರ ಬಾಯಲ್ಲಿ ನೆಲೆನಿಂತದ್ದು ಮಾತ್ರ 'ರೈಲು'. ಮೂಲದಲ್ಲಿ ಅದು ಬಂಡಿಯ ಹೆಸರಲ್ಲ. ಗಾಲಿಯ ಕೆಳಗಿನ ಕಂಬಿಯ ಹೆಸರು. ರೈಲ್ವೆಯ ಚರಿತ್ರೆ ಬರೆದವರು ಬಹುಮಟ್ಟಿಗೆ ಎಂಜಿನ್ನಿಗೇ ಮನಸೋತಿದ್ದಾರೆ. ಕಂಬಿಗೆ ಸಲ್ಲಬೇಕಾದ ಮನ್ನಣೆಯನ್ನು ಆಡುಮಾತು ಅರಿಯದೆಯೇ ಸಲ್ಲಿಸಿದೆ.

1804ರ ಫೆಬ್ರವರಿ 21ರಂದು ದಕ್ಷಿಣ ವೇಲ್ಸಿನ ಪೆನಿಡ್ಯಾರನ್‌ನಲ್ಲಿ ರಿಚರ್ಡ್ ಟ್ರೆವಿಥಿಕ್‌ನ ಎಂಜಿನ್ 10 ಟನ್ ಕಬ್ಬಿಣವನ್ನೂ ಸುಮಾರು 70 ಜನರನ್ನೂ ಹೊತ್ತ ಬಂಡಿಗಳನ್ನು ಎಳೆಯಿತು. ಆದರೆ ಅದರ ಭಾರಕ್ಕೆ ಹಾದಿಯ ಕಬ್ಬಿಣವೇ ಮುರಿಯಿತು. ಎಂಜಿನ್ ಗೆದ್ದಿತು, ಹಾದಿ ಸೋತಿತು. ಅಂದಿನ ಕಂಬಿಗಳು ಅಚ್ಚಿಗೆ ಎರೆದವು, 3-4 ಅಡಿ ಉದ್ದದವು. ಎರಕದ ಕಬ್ಬಿಣ ಒತ್ತಡವನ್ನು ತಾಳುತ್ತದೆ. ಬಾಗಿಸಿದರೆ, ಬಡಿದರೆ ಮುರಿಯುತ್ತದೆ.

ಬಡಿದರೂ ಬಾಗಿದರೂ ಮುರಿಯದ ಮೆದುಕಬ್ಬಿಣವಿತ್ತು. ಅದನ್ನು ಹೆಚ್ಚು ಪ್ರಮಾಣದಲ್ಲಿ ಶುದ್ಧಿಮಾಡುವ ಕುಲುಮೆಯನ್ನೂ ಕೊರೆಗೀರಿನ ಉರುಳೆಗಳನ್ನೂ ಹೆನ್ರಿ ಕಾರ್ಟ್ 1783-84ರಲ್ಲೇ ರೂಪಿಸಿದ್ದ. ಆ ಉರುಳೆಗಳಿಂದ ಕಂಬಿಯನ್ನು ಪಡೆಯುವ ವಿಧಾನಕ್ಕೆ ನಾರ್ತಂಬರ್‌ಲ್ಯಾಂಡಿನ ಬೆಡ್ಲಿಂಗ್ಟನ್ ಕಾರ್ಖಾನೆಯ ಜಾನ್ ಬರ್ಕಿನ್‌ಶಾ 1820ರಲ್ಲಿ ಪೇಟೆಂಟ್ ಪಡೆದ. ಕಂಬಿ ಈಗ 15 ಅಡಿಗೆ ಬೆಳೆಯಿತು. ಕಂಬಿಯ ಕೀಲುಗಳು ಕಡಿಮೆಯಾದವು. ಇಲ್ಲಿ ಜಾರ್ಜ್ ಸ್ಟೀಫನ್‌ಸನ್‌ನ ನಡತೆ ಗಮನಾರ್ಹ. 1816ರಲ್ಲಿ ವಿಲಿಯಂ ಲಾಷ್ ಜೊತೆಗೂಡಿ ಎರಕದ ಕಂಬಿಗೆ ಪೇಟೆಂಟ್ ಪಡೆದಿದ್ದ ಆತ, ಸ್ಟಾಕ್‌ಟನ್-ಡಾರ್ಲಿಂಗ್ಟನ್ ರೈಲ್ವೆಗೆ ಬರ್ಕಿನ್‌ಶಾನ ಕಂಬಿಯನ್ನೇ ಶಿಫಾರಸು ಮಾಡಿದ. ತನ್ನ ಆದಾಯವನ್ನೂ ಲಾಷ್‌ನ ಸ್ನೇಹವನ್ನೂ ಅದರಿಂದ ಕಳೆದುಕೊಂಡ. ಅವನ ಎಂಜಿನ್ನುಗಳನ್ನು ಹೊಗಳುವವರು ಈ ಒಂದು ತೀರ್ಮಾನವನ್ನು ಅಷ್ಟಾಗಿ ನೆನೆಯುವುದಿಲ್ಲ.

ಮೆದುಕಬ್ಬಿಣಕ್ಕೂ ಮಿತಿಯಿತ್ತು. ಪಟ್ಟಿಗಳನ್ನು ಅಡಕಿ, ಕಾಯಿಸಿ, ಉರುಳೆಗೆ ಕೊಟ್ಟು ಬೆಸೆದ ಕಂಬಿಯದು ಪದರಪದರವಾದ ಮೈ. ಭಾರದ ಗಾಲಿಗಳ ಕೆಳಗೆ ಆ ಪದರಗಳು ಬಿಡುತ್ತಿದ್ದವು. ಎರಡೂ ಅಂಚುಗಳು ಒಂದೇ ರೂಪದ ಕಂಬಿಯನ್ನು ಸವೆದ ಮೇಲೆ ಮಗುಚಿ ಬಳಸುವ ಉಪಾಯವೂ ಫಲಿಸಲಿಲ್ಲ. ಆಧಾರದ ಮೇಲೆ ಕುಳಿತ ಕೆಳಗಿನ ಅಂಚು ಅಷ್ಟರಲ್ಲಿ ತಗ್ಗುಬಿದ್ದಿರುತ್ತಿತ್ತು. ಡರ್ಬಿ ನಿಲ್ದಾಣದ ಒಂದೆಡೆಯಲ್ಲಂತೂ ಆರು ತಿಂಗಳಿಗೊಮ್ಮೆ ಕಂಬಿ ಬದಲಿಸಬೇಕಿತ್ತು. 1857ರಲ್ಲಿ ಅಲ್ಲಿಯೇ ಒಂದು ಉಕ್ಕಿನ ಕಂಬಿಯನ್ನು ಹಾಸಲಾಯಿತು. ರಾಬರ್ಟ್ ಮುಷೆಟ್ ಸಿದ್ಧಪಡಿಸಿದ ಉಕ್ಕಿನಿಂದ ಎಬ್ಬು ವೇಲ್ ಕಾರ್ಖಾನೆಯಲ್ಲಿ ರೂಪುಗೊಂಡ ಕಂಬಿ ಅದು. ದಿನಕ್ಕೆ ಸುಮಾರು 700 ಗಾಡಿಗಳು ಹಾಯ್ದರೂ ಆರು ವರ್ಷಗಳ ಬಳಿಕ ಹೊಸದರಂತೆಯೇ ಇತ್ತು.

ಹೆನ್ರಿ ಬೆಸಿಮರ್ 1856ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಕರಗಿದ ಕಬ್ಬಿಣದೊಳಗೆ ಗಾಳಿಯೂದಿ ಇಂಗಾಲವನ್ನು ಸುಡಲಾಗುತ್ತಿತ್ತು. ಆದರೆ ಲೋಹದಲ್ಲಿ ಆಮ್ಲಜನಕ ಉಳಿದು ಅದು ಬಿರುಕುಬಿಡುತ್ತಿತ್ತು. ಮ್ಯಾಂಗನೀಸ್‌ಯುಕ್ತ ಕಬ್ಬಿಣವನ್ನು ಬೆರೆಸಿ ಆ ದೋಷವನ್ನು ಕಳೆದವನು ಮುಷೆಟ್. ಮುದ್ರಾಂಕ ಶುಲ್ಕ ಕಟ್ಟದ ಕಾರಣ 1859ರಲ್ಲಿ ಅವನ ಪೇಟೆಂಟ್ ರದ್ದಾಯಿತು. ಉಕ್ಕಿನ ಕಂಬಿಯ ಸಂಪತ್ತು ಬೆಸಿಮರ್‌ನ ಪಾಲಾಯಿತು. 1866ರಲ್ಲಿ ಮುಷೆಟ್‌ನ 16 ವರ್ಷದ ಮಗಳು ಮೇರಿ ಒಬ್ಬಳೇ ಲಂಡನ್ನಿಗೆ ಹೋಗಿ ಬೆಸಿಮರ್‌ನನ್ನು ಕಂಡು, ತಂದೆಯ ಶ್ರಮದ ಮೇಲೆ ಅವನ ಯಶಸ್ಸು ನಿಂತಿದೆಯೆಂದು ವಾದಿಸಿದಳು. ಬೆಸಿಮರ್ ಮುಷೆಟ್‌ಗೆ ವರ್ಷಕ್ಕೆ 300 ಪೌಂಡುಗಳನ್ನು ಗೊತ್ತುಮಾಡಿದ. ಡರ್ಬಿಯ ಆ ಕಂಬಿಯನ್ನು ಕಿತ್ತದ್ದು 1873ರಲ್ಲಿ.