ಮೊಳೆ ಬಡಿದ ಕೈ

ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಬೆಳೆದ ನಮಗೆ ಪಾತ್ರೆಯ ಮೈಮೇಲಿನ ಸುತ್ತಿಗೆಯ ಗುರುತು ಹೊಸದೇನಲ್ಲ. ಆದರೂ ಜಪಾನಿನ ತ್ಸುಬಾಮೆ ಊರಿನ ತಾಮ್ರದ ಕೆಟಲಿನ ಚಿತ್ರ ಕಂಡಾಗ ನಾನು ಮೊದಲು ಹುಡುಕಿದ್ದು ಬೆಸುಗೆಯನ್ನು. ಮೂತಿ ಮೈಗೆ ಎಲ್ಲಿ ಸೇರಿದೆ? ಎಲ್ಲಿಯೂ ಸೇರಿಲ್ಲ. ಮೈ, ಮೂತಿ ಎರಡೂ ಒಂದೇ ತಗಡಿನಿಂದ ಎದ್ದವು.

ಇಂಥ ಕುಶಲತೆ ಅರಮನೆಯ ಆಶ್ರಯದಲ್ಲಿ ಬೆಳೆದಿರಬೇಕೆಂದುಕೊಂಡಿದ್ದೆ. ಅದು ಹುಟ್ಟಿದ್ದು ಕೆಸರುಗದ್ದೆಯಲ್ಲಿ. ನೀಗಾಟ ಪ್ರಾಂತದ ಈ ಊರು ಶಿನಾನೊ ನದಿಯ ತಗ್ಗು ಬಯಲಿನಲ್ಲಿದೆ. ನೆರೆ ಬಂತೆಂದರೆ ಬತ್ತ ಹೋಯಿತು. ಹದಿನೇಳನೆಯ ಶತಮಾನದಲ್ಲಿ ಇಲ್ಲಿನ ರೈತರು ಹೊಟ್ಟೆಪಾಡಿಗಾಗಿ ಕಬ್ಬಿಣದ ಮೊಳೆ ಬಡಿಯಲು ಕಲಿತರು. ಎದೊ, ಅಂದರೆ ಇಂದಿನ ಟೋಕಿಯೊದ, ಮರದ ಮನೆಗಳು ಮತ್ತೆ ಮತ್ತೆ ಬೆಂಕಿಗೆ ಬಿದ್ದು ಮತ್ತೆ ಏಳುತ್ತಿದ್ದವು. ಮೊಳೆಗೆ ಗಿರಾಕಿ ಇದ್ದೇ ಇತ್ತು. ಹೀಗೆ ಊರಿಗೆ ಊರೇ ಸುತ್ತಿಗೆ ಹಿಡಿಯಿತು.

ಮುಂದಿನ ಶತಮಾನದಲ್ಲಿ ಸೆಂದಾಯ್ ಕಡೆಯ ತೋಶಿಚಿ ಎಂಬ ಅಲೆಮಾರಿ ಕಂಚುಗಾರ ತಾಮ್ರದ ಕೆಲಸ ಹೇಳಿಕೊಟ್ಟ. ಹತ್ತಿರದ ಯಾಹಿಕೊ ಬೆಟ್ಟದ ಕಡೆ ತಾಮ್ರದ ಅದಿರೂ ಇತ್ತು. ಆ ವಿದ್ಯೆಯನ್ನು ಕಲಿತ ತಮಾಗಾವಾ ಕಕುಬೆಯಿ 1816ರಲ್ಲಿ ತೆರೆದ ಕಾರ್ಖಾನೆ, ಗ್ಯೊಕುಸೆಂದೊ, ಇಂದಿಗೂ ನಡೆಯುತ್ತಿದೆ.

ಬಡಿದರೆ ಲೋಹ ಹರಡುತ್ತದೆ ಎಂದೇ ನಾವು ತಿಳಿದಿದ್ದೇವೆ. ಇಲ್ಲಿಯ ಗುಟ್ಟು ಇರುವುದು ಕುಗ್ಗಿಸುವುದರಲ್ಲಿ. ದುಂಡು ತಗಡಿನ ಅಂಚನ್ನು ಮೇಲೆತ್ತಿದಾಗ ಸೀರೆಯ ನಿರಿಗೆಯಂತೆ ಸುಕ್ಕು ಬೀಳುತ್ತದೆ. ಆ ಸುಕ್ಕನ್ನು ಕಬ್ಬಿಣದ ಆಸರೆಗೋಲಿನ ಮೇಲಿಟ್ಟು ಒಳಕ್ಕೆ ಬಡಿದು ಅಡಗಿಸಬೇಕು. ಬಡಿದಷ್ಟೂ ತಾಮ್ರ ಗಡಸಾಗುತ್ತದೆ, ಹಟ ಹಿಡಿಯುತ್ತದೆ. ಆಗ ಬೆಂಕಿಗಿಟ್ಟು ಮೆತ್ತಗೆ ಮಾಡಿಕೊಂಡು ಮತ್ತೆ ಬಡಿಯಬೇಕು. ಒಂದು ಕೆಟಲ್ ಎಷ್ಟೋ ಸಲ ಒಲೆ ಕಾಣುತ್ತದೆ. ಆಕಾರ ಬಂದ ಮೇಲೆ ಗಂಧಕದ ದ್ರಾವಣದಲ್ಲಿ ಅದ್ದಿ ಬಣ್ಣ ಕಟ್ಟುತ್ತಾರೆ. ಕೆಲವಕ್ಕೆ ಅದಕ್ಕೂ ಮೊದಲು ತವರ ಲೇಪಿಸುತ್ತಾರೆ, ಅದೂ ಹೊರಮೈಗೆ! ಒಳಗೆ ಕಲಾಯಿ ಹಾಕಿಸುವ ನಮಗೆ ಇದು ವಿಚಿತ್ರವೇ.

ಮೇಯ್ಜಿ ಕಾಲದಲ್ಲಿ ವಿದೇಶದ ಯಂತ್ರದ ಮೊಳೆ ಬಂದು ಊರಿನ ಮೊಳೆ ಕಸುಬನ್ನು ಮುಗಿಸಿತು. ಕೈ ಮಾತ್ರ ಉಳಿಯಿತು. ಗ್ಯೊಕುಸೆಂದೊದ ಪಾತ್ರೆಗಳು 1873ರ ವಿಯೆನ್ನಾ ಪ್ರದರ್ಶನಕ್ಕೆ ಹೋದವು. ಮೊದಲ ಮಹಾಯುದ್ಧದ ಹೊತ್ತಿಗೆ ಊರು ಚಮಚ, ಮುಳ್ಳುಚಮಚಗಳ ಕೆಲಸಕ್ಕೂ ಇಳಿದಿತ್ತು. ಇಂದು ಜಪಾನಿನಲ್ಲಿ ತಯಾರಾಗುವ ಅಂಥ ಸಾಮಾನುಗಳ ಬಹುಪಾಲು ಅಲ್ಲಿನದೇ. ಎರಡನೆಯ ಯುದ್ಧದಲ್ಲಿ ತಾಮ್ರವೇ ಸಿಗದಂತಾಯಿತು. ಅದನ್ನೂ ದಾಟಿದರು.

1922ರಲ್ಲಿ ಓಕೋಜು ಕಾಲುವೆ ತೆರೆದು ಶಿನಾನೊದ ನೆರೆನೀರನ್ನು ನೇರ ಸಮುದ್ರಕ್ಕೆ ತಿರುಗಿಸಿದ್ದರು. ಸುತ್ತಿಗೆ ಹಿಡಿಸಿದ ನೀರು ದೂರವಾಯಿತು. ಸುತ್ತಿಗೆಯನ್ನು ಯಾರೂ ಕೆಳಗಿಡಲಿಲ್ಲ. ಸರಕಾರ ಇದನ್ನು ಪಾರಂಪರಿಕ ಕರಕುಶಲವೆಂದು ಪಟ್ಟಿಗೆ ಸೇರಿಸಿದ್ದು 1981ರಲ್ಲಿ. ಅಷ್ಟರಲ್ಲಿ ಕಕುಬೆಯಿಯ ಕಾರ್ಖಾನೆಗೆ ನೂರ ಅರವತ್ತೈದು ವರ್ಷ ತುಂಬಿತ್ತು.