ಕಡತ ಅಳಿಸುತ್ತಿತ್ತು, ಶಾಯಿ ಅಳಿಸಲಿಲ್ಲ

ಇಂಕ್ ಪೆನ್ನು, ನುಣುಪು ಕಾಗದ, ರಟ್ಟು ಹಾಕಿದ ಪುಸ್ತಕ ಎಂದರೆ ಪ್ರಾಣ ಬಿಡುವವರು ಒಂದು ಬಗೆಯ ಜನ, ಒಂದು ತಂಡದ ಗೆಲುವಿಗಾಗಿ ಊಟ ನಿದ್ದೆ ಬಿಡುವವರು ಇನ್ನೊಂದು ಬಗೆಯ ಜನ ಎಂಬುದು ಸಾಮಾನ್ಯ ತಿಳಿವಳಿಕೆ. ಒಬ್ಬರದು ಸದ್ದಿಲ್ಲದ ಗೀಳು, ಮತ್ತೊಬ್ಬರದು ಗದ್ದಲದ್ದು. ಆದರೂ ಎರಡು ಗೀಳೂ ಒಬ್ಬರಲ್ಲೇ ಸೇರಿರುವುದು ಅಪರೂಪವೇನಲ್ಲ, ಅದು ಕಾಕತಾಳೀಯವೂ ಅಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಂಥ ತಾಲ್ಲೂಕುಗಳಲ್ಲಿ ಲೆಕ್ಕ ಬರೆದಿಡುವ ರೂಢಿ ಹೇಗೆ ಬೆಳೆಯಿತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ನೋಡಿದರೆ ಎರಡೂ ಒಂದೇ ಬುಡದಿಂದ ಒಡೆದ ಟಿಸಿಲುಗಳೆಂದು ನನಗೆ ತೋರುತ್ತದೆ.

ಬುಡ ಇರುವುದು ಕಡತದಲ್ಲಿ. ಹತ್ತಿ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಎರಡು ಕೊನೆಗೂ ಮರದ ಹಲಗೆ ಕಟ್ಟಿದರೆ ಕಡತ ಸಿದ್ಧ. ಬರೆಯಲು ಬಳಪ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಮೈಸೂರು ಇತಿಹಾಸದ ಮೊದಲ ಸಂಪುಟದಲ್ಲಿ ಇದನ್ನು ಅಕ್ಕರೆಯಿಂದಲೇ ವರ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದ. ವ್ಯಾಪಾರಿಗಳ ಲೆಕ್ಕ, ಊರಿನ ದಾಖಲೆ ಎಲ್ಲವೂ ಅದರಲ್ಲೇ. ಕಾಗದಕ್ಕಿಂತ ಹೆಚ್ಚು ಕಾಲ ಬಾಳುವ ವಸ್ತು ಅದು, ನಿಜ. ಆದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಅಕ್ಷರ ಮಾಯ, ಮತ್ತೆ ಮಸಿ ಬಳಿದರೆ ಹಾಳೆ ಹೊಸದು. ಶಾನುಭೋಗರ ಮನೆಯ ಹಲಗೆಗಳ ನಡುವೆ ಮಡಚಿ ಕೂತ ಊರಿನ ಲೆಕ್ಕವನ್ನು ರೈತ ಓದಲಾರ, ತಿದ್ದಿದರೆ ಕಂಡುಹಿಡಿಯಲಾರ. ಎಲ್ಲ ಶಾನುಭೋಗರೂ ತಿದ್ದಿದರೆಂದು ಇದರ ಅರ್ಥವಲ್ಲ. ಆದರೆ ತಿದ್ದಬಹುದಾಗಿತ್ತು, ಮತ್ತು ಲೆಕ್ಕ ಒಬ್ಬರದೇ ಕೈಯಲ್ಲಿತ್ತು. ಬರವಣಿಗೆಯ ಬಗ್ಗೆ ಹಳ್ಳಿಯ ಭಯವನ್ನು ಬೆಳೆಸಲು ಅಷ್ಟು ಸಾಕು.

ಕಾಗದ, ಶಾಯಿ, ಆಮೇಲೆ ಫೌಂಟನ್ ಪೆನ್ನು ಬಂದದ್ದರ ಮಹತ್ವ ಇರುವುದು ಇಲ್ಲಿ. ಅಮೆರಿಕದ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಪೆನ್ನು ನಮ್ಮ ಕಡೆಯ ಸಾಮಾನ್ಯರ ಜೇಬಿಗೆ ಬರುವ ಹೊತ್ತಿಗೆ ಬಹುಕಾಲ ಕಳೆದಿತ್ತು. ಸ್ವದೇಶಿ ಚಳವಳಿಯ ಹುರುಪಿನಲ್ಲಿ 1932ರಲ್ಲಿ ರಾಜಮಹೇಂದ್ರಿಯಲ್ಲಿ ರತ್ನಂ ಪೆನ್ನು ಹುಟ್ಟಿತು. ಪಿಚಕಾರಿಯಿಂದ ಶಾಯಿ ತುಂಬಿಸುವ ಪೆನ್ನುಗಳು ಮೇಷ್ಟರ, ಗುಮಾಸ್ತರ, ಮಂಡಿ ವರ್ತಕರ ಜೇಬು ಸೇರಿದವು, ಜೇಬಿಗೆ ನೀಲಿ ಕಲೆಯನ್ನೂ ತಂದವು. ಪೆನ್ನು ಬರಿಯ ಅಂತಸ್ತಿನ ಗುರುತಾಗಿತ್ತು, ಅಕ್ಷರ ಬಾರದವರೂ ಸಿಕ್ಕಿಸಿಕೊಂಡು ತಿರುಗಬಹುದಿತ್ತು ಎಂದು ಯಾರಾದರೂ ಹೇಳಿದರೆ ಒಪ್ಪೋಣ. ಆದರೆ ಅಂತಸ್ತು ಬಂದದ್ದಾದರೂ ಎಲ್ಲಿಂದ? ಸಹಿ ಹಾಕಬಲ್ಲ, ತನ್ನ ಲೆಕ್ಕ ತಾನೇ ಬರೆದುಕೊಳ್ಳಬಲ್ಲ ಎಂಬ ಸೂಚನೆಯಿಂದ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು, ಸಂಬಳದ ಗ್ರಾಮಲೆಕ್ಕಿಗ ಬಂದ. ಹೊಡೆದು ಹಾಕಿದ್ದು ಹೊಡೆದು ಹಾಕಿದಂತೆಯೇ ಕಾಣುವ, ಒರೆಸಿದರೆ ಕಲೆಯಾಗಿ ಚಾಡಿ ಹೇಳುವ ಶಾಯಿ ಆ ಹೊತ್ತಿಗೆ ಎಲ್ಲರ ಸೊತ್ತಾಗುತ್ತಿತ್ತು.

ಇದಕ್ಕೂ ಆಟಕ್ಕೂ ಏನು ಸಂಬಂಧ? ಮೊದಲು ಬೇಸ್‌ಬಾಲಿನ ಕಡೆಯಿಂದ ಬರೋಣ. ಆ ಆಟಕ್ಕೆ ಅಂಕಪಟ್ಟಿಯ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ 1824ರಲ್ಲಿ ಹುಟ್ಟಿದವನು, ಅಮೆರಿಕದ ಪತ್ರಿಕೆಗಳಿಗೆ ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವನು. ಕ್ರಿಕೆಟ್ಟಿನ ಲೆಕ್ಕದ ಪದ್ಧತಿಯನ್ನೇ ಒಗ್ಗಿಸಿ ಬೇಸ್‌ಬಾಲಿಗೆ ಕೊಟ್ಟ. ಅಲ್ಲಿನ ಅಭಿಮಾನಿ ಇಂದಿಗೂ ಗ್ಯಾಲರಿಯಲ್ಲಿ ಕೂತು ಹಾಳೆ ತುಂಬುತ್ತಾನೆ, ಹೆಚ್ಚಾಗಿ ಪೆನ್ಸಿಲ್ಲಿನಲ್ಲಿ. ಕಾರಣವಿದೆ. ಬ್ಯಾಟುಗಾರ ಹೊಡೆದು ಗಳಿಸಿದ್ದೋ ಫೀಲ್ಡರನ ತಪ್ಪಿನಿಂದ ಸಿಕ್ಕಿದ್ದೋ ಎಂದು ಅಲ್ಲಿ ತೀರ್ಮಾನಿಸುವವನು ಸ್ಕೋರರ್, ಆ ತೀರ್ಪು ಪಂದ್ಯ ಮುಗಿದ ಮೇಲೂ ಬದಲಾಗಬಹುದು. ಕ್ರಿಕೆಟ್ಟಿನಲ್ಲಿ ಸ್ಕೋರರ್ ತೀರ್ಪು ಕೊಡುವುದಿಲ್ಲ, ಅಂಪೈರ್ ತೋರಿಸಿದ್ದನ್ನು ಕೈಯೆತ್ತಿ ಒಪ್ಪಿಕೊಂಡು ಬರೆಯುತ್ತಾನೆ. ರನ್ನಿಲ್ಲದ ಎಸೆತಕ್ಕೆ ಒಂದು ಚುಕ್ಕೆ, ಓವರಿನ ಆರೂ ಚುಕ್ಕೆಯಾದರೆ ಅವನ್ನು ಗೆರೆಯಿಂದ ಕೂಡಿಸಿ ಮೇಡನ್ನಿನ ‘ಎಂ’. ಎಲ್ಲಕ್ಕಿಂತ ಮುಖ್ಯವಾದದ್ದು, ಸ್ಕೋರರ್‌ಗಳು ಇಬ್ಬರು, ಇಬ್ಬರ ಪುಸ್ತಕಗಳೂ ಆಗಾಗ ತಾಳೆಯಾಗಬೇಕು. ಹಳ್ಳಿಯ ಕಡತಕ್ಕೆ ಇಲ್ಲದ ಎರಡು ಗುಣ ಇಲ್ಲಿ ಒಟ್ಟಿಗೆ ಸಿಕ್ಕವು. ಲೆಕ್ಕವನ್ನು ಎಲ್ಲರೆದುರು ಬರೆಯಲಾಗುತ್ತದೆ, ಎದುರಾಳಿಯೂ ಅದನ್ನು ಬರೆಯುತ್ತಾನೆ.

ಕ್ರಿಕೆಟ್ ದಂಡುಪ್ರದೇಶದ ಸಾಹೇಬರದು, ಬಸವನಗುಡಿ ಮಲ್ಲೇಶ್ವರದವರದು. ನೆಲಮಂಗಲ ಹೊಸಕೋಟೆಯ ಬಯಲಲ್ಲಿ ಕಂಡದ್ದು ಕಬಡ್ಡಿ, ಖೋ ಖೋ, ಕುಸ್ತಿ ಎಂಬ ಆಕ್ಷೇಪಣೆ ಗಟ್ಟಿಯಾದದ್ದೇ. ಮೈದಾನದ ಮಟ್ಟಿಗೆ ಅದು ಸರಿ. ಆದರೆ ತಂಡದ ಮೇಲಿನ ಭಕ್ತಿ ಮೈದಾನದಿಂದಲೇ ಬರಬೇಕೆಂದಿಲ್ಲ. ಪ್ರಜಾವಾಣಿ 1948ರಲ್ಲಿ ಶುರುವಾಯಿತು, ಬೆಂಗಳೂರು ಆಕಾಶವಾಣಿ 1955ರಲ್ಲಿ. ಮೈದಾನವನ್ನೇ ಕಾಣದ ಊರಿಗೂ ಕನ್ನಡ ಅಂಕಿಗಳ, ಅಕ್ಷರಗಳ ರೂಪದಲ್ಲಿ ತಂಡ ತಲುಪಬಹುದಾಯಿತು. ಕಬಡ್ಡಿಯನ್ನು ಕಣ್ಣಾರೆ ಕಾಣಬೇಕು. ದೂರದ ಕ್ರಿಕೆಟ್ಟನ್ನು ಓದಿಕೊಳ್ಳಬಹುದು, ಬರೆದಿಟ್ಟುಕೊಳ್ಳಲೂಬಹುದು. ಹಳ್ಳಿಯೂರಿನಲ್ಲಿ ಅದು ಮೊದಲು ಕಾಗದದ ಆಟವಾಗಿ, ಆಮೇಲೆ ಮೈಯ ಆಟವಾಗಿ ಬಂತೆನ್ನುವುದು ಹೆಚ್ಚು ಸರಿ.

ನಮ್ಮ ಮೈಸೂರು ತಂಡದ ಲೆಕ್ಕ ಎಷ್ಟು ಕಾಲ ನಷ್ಟದ್ದೇ ಆಗಿತ್ತೆಂದರೆ ಸುಮ್ಮನೆ ಕೂಡಿಸುತ್ತ ಹೋಗಲು ಭಕ್ತಿಯೇ ಬೇಕಿತ್ತು. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ 1934ರ ನವೆಂಬರಿನಲ್ಲಿ ಮದರಾಸಿನಲ್ಲಿ ನಡೆದಾಗ ಮೈಸೂರು 48ಕ್ಕೆ ಮತ್ತು 59ಕ್ಕೆ ಉರುಳಿ ಒಂದೇ ದಿನದಲ್ಲಿ ಇನಿಂಗ್ಸ್ ಹಾಗೂ 23 ರನ್ನಿನಿಂದ ಸೋತಿತು. 1941-42ರ ಫೈನಲ್ ಬಾಂಬೆಗೆ, 1959-60ರ ಫೈನಲ್ಲೂ ಬಾಂಬೆಗೆ. ಅತ್ತ ಬಾಂಬೆ 1958-59ರಿಂದ ಹದಿನೈದು ವರ್ಷ ಎಡೆಬಿಡದೆ ಗೆಲ್ಲುತ್ತಲೇ ಬಂತು. ಗೆದ್ದ ತಂಡದ ಅಂಕಿಗಳನ್ನು ಯಾರು ಬೇಕಾದರೂ ಬರೆದಿಡುತ್ತಾರೆ. ಇಂಥ ತಂಡದ ಪುಟಗಳನ್ನು ಹರಿಯದೆ ಇಟ್ಟುಕೊಳ್ಳುವುದು ಬೇರೆ ಬಗೆಯ ಮನಸ್ಸು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಅದೇ ಋತುವಿನಲ್ಲಿ, ಪ್ರಸನ್ನ ನಾಯಕರಾಗಿದ್ದ ತಂಡ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ವಿಶ್ವನಾಥರ 162, ಬ್ರಿಜೇಶ್ ಪಟೇಲರ 106ರ ಬಲದಿಂದ 385 ಮಾಡಿ ಬಾಂಬೆಯನ್ನು 307ಕ್ಕೆ ನಿಲ್ಲಿಸಿತು. ಮೊದಲ ಇನಿಂಗ್ಸಿನ ಆ 78 ರನ್ನಿನ ಮುನ್ನಡೆಯೇ ಪಂದ್ಯವನ್ನು ಗೆದ್ದುಕೊಟ್ಟಿತು. ಜೈಪುರದ ಫೈನಲ್ಲಿನಲ್ಲಿ ರಾಜಸ್ಥಾನ ಸೋತು ಟ್ರೋಫಿ ಮೊದಲ ಸಲ ಕನ್ನಡನಾಡಿಗೆ ಬಂತು. ಗಮನಿಸಿ, ಸೆಮಿಫೈನಲ್ಲನ್ನು ತೀರ್ಮಾನಿಸಿದ್ದು ವಿಕೆಟ್ಟೂ ಅಲ್ಲ, ಸಿಕ್ಸರೂ ಅಲ್ಲ. ಒಂದು ಕಳೆಯುವ ಲೆಕ್ಕ.

ಕೊನೆಗೆ ಇನ್ನೊಂದು ಮಾತು ಕೇಳಿಬರುತ್ತದೆ: ಅಂಕಿಗಳಲ್ಲಿ ಪ್ರೀತಿ ಎಲ್ಲಿದೆ, ಆ ಲೆಕ್ಕವನ್ನು ಈಗ ಕಂಪ್ಯೂಟರ್ ಇನ್ನಷ್ಟು ಚೆನ್ನಾಗಿ ಇಡುತ್ತದಲ್ಲ ಎಂದು. ಇಡುತ್ತದೆ, ಇಡಬೇಕು ಕೂಡ. ಭೂಮಿ ಯೋಜನೆ ಬಂದು ಕೈಬರಹದ ಪಹಣಿ ನಿಂತಾಗ ರೈತನಿಗೆ ಒಳಿತೇ ಆಯಿತು, ಅಲ್ಲಿ ಶಾಯಿಗಾಗಿ ಕಣ್ಣೀರು ಹಾಕುವುದು ಸೋಗು. ಆದರೆ ಆಟದ ಪುಟ ಪಹಣಿಯಲ್ಲ. ಅದೇ ಸೆಮಿಫೈನಲ್ಲಿನಲ್ಲಿ ಬಾಂಬೆಯ ನಾಯಕ ಅಜಿತ್ ವಾಡೇಕರ್ ಓಡುವಾಗ ಜಾರಿಬಿದ್ದು ರನ್ ಔಟಾದರು. ಅಂಕಪಟ್ಟಿಯಲ್ಲಿ ಅದಕ್ಕಿರುವುದು ‘ರನ್ ಔಟ್’ ಎಂಬ ಎರಡು ಪದ, ಬೌಲರನ ಖಾತೆಗೂ ಸೇರದ ವಿಕೆಟ್. ಜಾರಿದ್ದು ಮನೆಯಲ್ಲಿ ಬರೆದಿಟ್ಟವನ ಪುಸ್ತಕದ ಅಂಚಿಗೆ ಮಾತ್ರ ಸೇರಬಲ್ಲದು, ಪೆನ್ನಿನಲ್ಲಿ, ಅವನ ಕೈಬರಹದಲ್ಲಿ. ಆ ಅಂಚಿನ ಬರಹವನ್ನು ಎದುರಾಳಿಯ ಪುಸ್ತಕದೊಂದಿಗೆ ತಾಳೆ ನೋಡಬೇಕಾದ ಹಂಗಿಲ್ಲ.